ಲಂಗರು ಎತ್ತುವ ಮುನ್ನ

ಬಿ.ಸಿ. ರೋಡಿಗೆ ನೀವು ಹತ್ತಾರು ಬಾರಿ ಬಂದಿರಬಹುದು. ಪಾಣೆಮಂಗಳೂರಿನ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ನೇತ್ರಾವತಿಯನ್ನು ನೋಡಿಯೂ ಇರಬಹುದು. ಆದರೆ ದೋಣಿಯಲ್ಲಿ ಕುಳಿತು ಬಂಟ್ವಾಳ ಸೀಮೆಯನ್ನು ನೋಡಿದ್ದೀರಾ? ಇಲ್ಲವಾದರೆ ಈ ಊರಿನ ಅರ್ಧ ಚರಿತ್ರೆಯನ್ನು ನೀವು ನೋಡಿಲ್ಲವೆಂದೇ ಅರ್ಥ.

ಲಾರಿಗಳ ಕಾಲಕ್ಕೆ ಮುಂಚೆ ಬಂಟ್ವಾಳ ಒಂದು ನದಿ ಬಂದರು. ಮೈಸೂರು ಸೀಮೆಯಿಂದ ಘಟ್ಟ ಇಳಿದು ಬಂದ ಕಾಫಿ ಮುಂತಾದ ಸರಕು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಅನ್ನ ಕೊಟ್ಟ ನದಿಯೇ ಪೇಟೆಯನ್ನು ಮುಳುಗಿಸಿದ್ದೂ ಉಂಟು. 1923ರ ಮತ್ತು 1974ರ ನೆರೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನಿಂದ ಬಂಟ್ವಾಳದವರೆಗೆ ನೀರು ಏರಿದ್ದನ್ನು ನಾವೇ ಕಂಡಿದ್ದೇವೆ. ಅತ್ತ ವೇಣೂರಿನಲ್ಲಿ, 1604ರ ಗೊಮ್ಮಟನ ಬಳಿ ಹರಿಯುವ ಫಲ್ಗುಣಿಯೂ ಮೂಡುಬಿದಿರೆ ಕಡೆಯ ಹಳ್ಳಿಗಳ ನೀರನ್ನು ಕೂಡಿಸಿಕೊಂಡು ಕೊನೆಗೆ ಮಂಗಳೂರಿನಲ್ಲೇ ಕಡಲು ಸೇರುತ್ತದೆ. ಈ ಮೂರೂ ತಾಲೂಕಿನವರಿಗೆ ಹೊಳೆ ಎಂದರೆ ಮನೆಯಂಗಳದ ಸಂಗತಿ. ಅದಕ್ಕೇ ಇರಬೇಕು, ನಮಗೆ ಅದರ ಭಯ ಸ್ವಲ್ಪ ಕಡಿಮೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತಾ ಬಂದ ಒಂದು ರಜಾದಿನ, ಹದಿನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಅಜಿಲಮೊಗರಿಗೆ ಹೋಗಿದ್ದೆ. ನದಿದಡದ ಪುರಾತನ ಮಸೀದಿ, ಅಲ್ಲಿನ ಮಾಲಿದಾ ನಿಮಗೆ ಗೊತ್ತೇ ಇದೆ. ಎದುರು ದಡದಲ್ಲಿ ಕಡೇಶಿವಾಲಯ. ಎರಡು ಊರುಗಳ ನಡುವೆ ಬಹುಕಾಲ ದೋಣಿಯೇ ದಾರಿಯಾಗಿತ್ತು. ಮಸೀದಿಗೆ ಬರುವವರು, ದೇವಸ್ಥಾನಕ್ಕೆ ಹೋಗುವವರು ಒಂದೇ ಹಲಗೆಯ ಮೇಲೆ ಕುಳಿತು ಹೊಳೆ ದಾಟಿದ್ದಾರೆ.

ನಮ್ಮ ಪರಿಚಯದ ಒಬ್ಬ ಕಾಕ ಹಿಂದೆ ದೋಣಿ ನಡೆಸುತ್ತಿದ್ದವರು. ಮಗನ ಒತ್ತಾಯಕ್ಕೆ ಗಾಳ ಹಾಕಲು ನಮ್ಮನ್ನು ನದಿಯ ನಡುವಿಗೆ ಕರೆದೊಯ್ದು, ನಾಲ್ಕು ಕೊಕ್ಕೆಯ ಕಬ್ಬಿಣದ ಲಂಗರು ಇಳಿಸಿದರು. ಒಂದೆರಡು ಗಂಟೆ ಚೆನ್ನಾಗಿಯೇ ಕಳೆಯಿತು. ಹೊರಡುವಾಗ ಲಂಗರು ಮೇಲೆ ಬರಲಿಲ್ಲ. ಅಡಿಯಲ್ಲಿ ಯಾವುದೋ ಮರದ ಬೊಡ್ಡೆಗೆ ಸಿಕ್ಕಿಕೊಂಡಿತ್ತು. ಕಾಕ ಹುಟ್ಟು ಸರಿಪಡಿಸುವಷ್ಟರಲ್ಲಿ ನಾನು ಎದ್ದು ನಿಂತು, ದೋಣಿಯ ಪಕ್ಕದಿಂದ ಹಗ್ಗ ಎಳೆದೆ. ಸಹಾಯಕ್ಕೆಂದು ಮಗನೂ ಅದೇ ಬದಿಗೆ ಬಂದ. ದೋಣಿ ಸೆಳೆತಕ್ಕೆ ಅಡ್ಡವಾಗಿ ತಿರುಗಿತು. ಅಂಚಿನ ಮೇಲಿಂದ ನೀರು ಒಳನುಗ್ಗಿತು.

ಕಾಕ ಒಂದು ಮಾತೂ ಆಡಲಿಲ್ಲ. ಸೊಂಟದ ಕತ್ತಿ ತೆಗೆದು ಹಗ್ಗ ಕಡಿದೇಬಿಟ್ಟರು. ದೋಣಿ ಒಮ್ಮೆ ಹೊಯ್ದಾಡಿ ನೆಟ್ಟಗಾಯಿತು. ಆಮೇಲೆ ಮಗನನ್ನು ನೋಡಿ, “ಕುಳಿತುಕೋ ಮೋನೇ, ನೀರು ಗೋರಿ ಹಾಕು” ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ದಡಕ್ಕೆ ಬಂದ ಮೇಲೆ ಅವರು ಹೇಳಿಕೊಟ್ಟದ್ದನ್ನು ನಿಮಗೂ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಲಂಗರು ಹಿಡಿಯುವುದು ಬರೀ ತೂಕದಿಂದಲ್ಲ. ಹಗ್ಗ ಓರೆಯಾಗಿ, ಉದ್ದವಾಗಿ ಬಿದ್ದಿದ್ದರೆ ಕೊಕ್ಕೆ ನೆಲಕ್ಕೆ ನಾಟುತ್ತದೆ. ಹಗ್ಗ ನೆಟ್ಟಗೆ ಮೇಲಕ್ಕೆ ಬಂದಾಗ ಹಿಡಿತ ಬಿಡುತ್ತದೆ. ಆದ್ದರಿಂದ ತೋಳ್ಬಲದಿಂದ ದೋಣಿಯನ್ನು ಲಂಗರಿನತ್ತ ಎಳೆಯಬಾರದು. ಒಬ್ಬರು ಹುಟ್ಟು ಹಾಕುತ್ತಾ ದೋಣಿಯನ್ನು ಲಂಗರಿನ ನೇರಕ್ಕೆ ತರಬೇಕು. ಇನ್ನೊಬ್ಬರು ದೋಣಿಯ ಮುಂದಿನ ತುದಿಯಲ್ಲಿ ಕುಳಿತು ಸಡಿಲವಾದ ಹಗ್ಗವನ್ನಷ್ಟೇ ಒಳಗೆಳೆಯಬೇಕು. ಪಕ್ಕದಿಂದಾಗಲೀ ಹಿಂದಿನಿಂದಾಗಲೀ ಎಳೆಯಲೇಬಾರದು. ಹಾಗೆ ಎಳೆದರೆ ಲಂಗರು ದೋಣಿಯ ಅಂಚನ್ನು ಕೆಳಕ್ಕೆ ಜಗ್ಗುತ್ತದೆ, ಸೆಳೆತ ಅದೇ ಅಂಚಿನ ಮೇಲೆ ನೀರು ಹಾಯಿಸುತ್ತದೆ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಒಳಗೆ ಬಿದ್ದ ಹಗ್ಗದ ಸುರುಳಿಯಲ್ಲಿ ಕಾಲಿಡಬಾರದು. ಉಳಿದವರು ಕುಳಿತಲ್ಲೇ ಕುಳಿತಿರಬೇಕು. ಲಂಗರು ಬಿಟ್ಟ ಗಳಿಗೆಯಲ್ಲೇ ದೋಣಿ ತೇಲತೊಡಗುತ್ತದೆ. ಅದು ಯಾವ ಕಡೆ ಹೋಗುತ್ತದೆ, ಕೆಳಗೆ ಬಂಡೆ ಇದೆಯೇ, ಸೇತುವೆಯ ಕಂಬ ಇದೆಯೇ ಎಂದು ಎತ್ತುವ ಮುಂಚೆಯೇ ನೋಡಿಕೊಳ್ಳಬೇಕು. ಮೇಲೆ ಬಂದ ಲಂಗರನ್ನು ಕೆಸರು ತೊಳೆದು, ಅಂಚಿನಲ್ಲಿಡದೆ ದೋಣಿಯ ತಳದಲ್ಲಿ ಇಡಬೇಕು.

ಸಿಕ್ಕಿಕೊಂಡರೆ? ಬಲ ಹಾಕಬೇಡಿ. ಹಗ್ಗವನ್ನು ಮುಂದಿನ ತುದಿಗೆ ಕಟ್ಟಿ, ನಿಧಾನವಾಗಿ ಲಂಗರನ್ನು ದಾಟಿ ಮೇಲ್ಮುಖವಾಗಿ ಹುಟ್ಟು ಹಾಕಿದರೆ, ಕೊಕ್ಕೆ ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಬರುವುದುಂಟು. ಬಲ್ಲವರು ಮೊದಲೇ ಲಂಗರಿನ ಬುಡಕ್ಕೆ ಇನ್ನೊಂದು ತೆಳು ಹಗ್ಗ ಕಟ್ಟಿ, ಅದರ ತುದಿಗೆ ಖಾಲಿ ಕ್ಯಾನು ತೇಲಿಬಿಡುತ್ತಾರೆ. ಮುಖ್ಯ ಹಗ್ಗಕ್ಕೆ ಬಾರದ್ದು ಬುಡದ ಹಗ್ಗ ಎಳೆದಾಗ ಹಿಮ್ಮುಖವಾಗಿ ಬಿಡಿಸಿಕೊಳ್ಳುತ್ತದೆ. ಒಂದೆರಡು ಬಾರಿ ನೋಡಿಯೂ ಬಾರದಿದ್ದರೆ, ನೀರು ಜೋರಾಗಿದ್ದರೆ, ಹಗ್ಗ ಕಡಿಯಬೇಕು. ಕತ್ತಿ ದೋಣಿಯಲ್ಲಿ ಇರಬೇಕಾದದ್ದು ಇದಕ್ಕೇ. ಲಂಗರು ಬಿಡಿಸಲೆಂದು ನೀರಿಗೆ ಧುಮುಕುವ ಸಾಹಸವಂತೂ ಬೇಡವೇ ಬೇಡ.

ಶಂಭೂರು, ತುಂಬೆಯ ಅಣೆಕಟ್ಟುಗಳಿಂದಾಗಿ ಈಗ ನೇತ್ರಾವತಿ ಹಲವೆಡೆ ಕೆರೆಯಂತೆ ಶಾಂತವಾಗಿ ಕಾಣುತ್ತದೆ. ಆ ಶಾಂತಿಯನ್ನು ನಂಬಬೇಡಿ. ಹಿನ್ನೀರಿನ ತಳದಲ್ಲಿ ಏನೇನಿದೆಯೆಂದು ಮೇಲಿನಿಂದ ತಿಳಿಯದು. ಗೇಟು ತೆರೆದಾಗ ಕೆಳಭಾಗದಲ್ಲಿ ನೀರು ಒಮ್ಮೆಲೇ ಏರುತ್ತದೆ.

ಲಂಗರ್ ಎಂಬುದು ಪಾರ್ಸಿ ಪದ. ದೋಣಿಯನ್ನು ನಿಲ್ಲಿಸುವ ಕಬ್ಬಿಣಕ್ಕೂ ಅದೇ ಹೆಸರು, ಹಸಿದವರಿಗೆ ಉಣಬಡಿಸುವ ಅಡುಗೆಮನೆಗೂ ಅದೇ ಹೆಸರು. ಮಾಲಿದಾ ಸವಿಯಲು ಹೋದ ಊರಿನಲ್ಲೇ ನಾನು ಒಂದು ಲಂಗರು ಕಳೆದುಬಂದೆ. ಅದರ ಬೆಲೆ ಕೊಡಲು ಹೋದಾಗ ಕಾಕ ತೆಗೆದುಕೊಳ್ಳಲಿಲ್ಲ. “ಅದು ಅಂಗಡಿಯಲ್ಲಿ ಸಿಗುತ್ತದೆ. ಹುಡುಗನಿಗೆ ಮೊದಲು ಈಜು ಕಲಿಸಿ” ಎಂದರು.

ಆ ಬೇಸಗೆಯಲ್ಲೇ ಮಗ ಈಜು ಕಲಿತ. ಅವನ ಜೊತೆ ನಾನೂ ಕಲಿತೆ. ಆದರೂ ಈಗ ಮನೆಮಂದಿಯೊಂದಿಗೆ ದೋಣಿ ಹತ್ತುವ ಮುಂಚೆ ಮೂರು ಪ್ರಶ್ನೆ ಕೇಳುತ್ತೇನೆ: ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ನಡೆಸುವವರಿಗೆ ಈ ನದಿ ಗೊತ್ತೇ? ಕತ್ತಿ ಇದೆಯೇ? ಈ ಮೂರನೆಯ ಪ್ರಶ್ನೆಗೆ ದೋಣಿಯವರು ನಗುತ್ತಾರೆ. ನಗಲಿ. ನೀವೂ ಕೇಳಿ.