ಚಾಮಯ್ಯ ಮೇಷ್ಟ್ರ ಮೇಲೆ ಒಂದು ಸಿಟ್ಟು

ಮೊನ್ನೆ ಎರಡು ದಿನ ರಜೆ ಸಿಕ್ಕಿತು ಅಂತ ಹರಿಹರಕ್ಕೆ ಹೋಗಿದ್ದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ (ನಮ್ಮ ಮ್ಯಾನೇಜರಿಗೆ ಕನ್ನಡ ಓದಲು ಬರಲ್ಲ, ಧೈರ್ಯವಾಗಿ ಬರೆಯಬಹುದು :)). ಮಧ್ಯಾಹ್ನ ಊಟ ಮುಗಿಸಿ ಟಿವಿ ಹಾಕಿದರೆ 'ಕಸ್ತೂರಿ ನಿವಾಸ' ಬರ್ತಿತ್ತು. ಅಮ್ಮ ರಾಜಕುಮಾರ್ ನೋಡ್ತಾ ಕೂತರು. ಅಪ್ಪ ಮಾತ್ರ, "ಅಶ್ವತ್ಥ್ ಬಂದ್ರು ನೋಡು" ಅಂದರು.

ನಮ್ಮ ಮನೆಯಲ್ಲಿ ಆ ಹೆಸರು ಬಂದರೆ ಒಂದು ಗಳಿಗೆ ಯಾರೂ ಮಾತಾಡಲ್ಲ. ಅದಕ್ಕೊಂದು ಕಥೆ ಇದೆ. ಅಕ್ಕನನ್ನು ಕೇಳಿಯೇ ಬರೀತಿದ್ದೀನಿ.

ಮೊದಲು ಅಶ್ವತ್ಥ್ ಬಗ್ಗೆ ನಾಲ್ಕು ಮಾತು. ಹಾಡುಗಾರ ಸಿ. ಅಶ್ವತ್ಥ್ ಅಲ್ಲ, ಕೆ.ಎಸ್. ಅಶ್ವತ್ಥ್. 1925ರಲ್ಲಿ ಹುಟ್ಟಿದ ಮೈಸೂರಿನವರು. ಸಿನಿಮಾಕ್ಕೆ ಬರುವ ಮುಂಚೆ ಫುಡ್ ಇನ್ಸ್‌ಪೆಕ್ಟರ್ ಆಗಿದ್ದರಂತೆ. 1955ರ 'ಸ್ತ್ರೀರತ್ನ'ದಿಂದ ಶುರುವಾಗಿ ಮುನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದರು. 1958ರ 'ಭೂಕೈಲಾಸ'ದಲ್ಲಿ ಶಿವನ ಪಾತ್ರ. ಆಮೇಲೆ ಅವರು ಕನ್ನಡಕ್ಕೆಲ್ಲ ಅಪ್ಪ ಆಗಿಬಿಟ್ಟರು. ಪಂಢರಿಬಾಯಿ ಅಮ್ಮ, ಇವರು ಅಪ್ಪ. 'ಕಸ್ತೂರಿ ನಿವಾಸ' ಬಂದ 1971ರಲ್ಲಿ ಅವರಿಗೆ ಇನ್ನೂ ನಲವತ್ತಾರು, ರಾಜಕುಮಾರ್‌ಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೂ ನಿಯತ್ತಿನ ರಾಮಯ್ಯನಾಗಿ ನಿಂತರೆ ಮನೆಯ ಹಿರಿಯನೇ ನಿಂತಂತೆ ಕಾಣುತ್ತೆ. ನಾವಂತೂ ಅವರನ್ನು ಹುಡುಗನಾಗಿ ನೋಡಿದ್ದೇ ಇಲ್ಲ!

ಆದರೆ ನಮ್ಮ ಕಡೆಯವರಿಗೆ ಅವರು ಅಂದರೆ ಚಾಮಯ್ಯ ಮೇಷ್ಟ್ರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ನಾಗರಹಾವು' ಬಂದಿದ್ದು 1972ರ ಕೊನೆಯಲ್ಲಿ. ಕಥೆ ನಡೆಯೋದು ಚಿತ್ರದುರ್ಗದಲ್ಲಿ. ಆಗ ಹರಿಹರ, ದಾವಣಗೆರೆ ಎರಡೂ ದುರ್ಗದ ಜಿಲ್ಲೆಗೇ ಸೇರಿದ್ದವು, ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷ. ಹಾಗಾಗಿ ಅಪ್ಪನಿಗೆ ಅದು 'ನಮ್ಮ ಜಿಲ್ಲೆ ಪಿಚ್ಚರ್'. ಮೊದಲ ಸಲ ನೋಡಿದಾಗ ಅವರು ಇನ್ನೂ ಹುಡುಗ. ದೊಡ್ಡವನಾದ ಮೇಲೆ ಮೇಷ್ಟ್ರೇ ಆಗಬೇಕು ಅಂತ ಅವತ್ತೇ ಅನ್ನಿಸಿತ್ತಂತೆ, ಹಾಗೇ ಆದರು. ಹರಿಹರದಲ್ಲಿ ಕನ್ನಡ ಮೇಷ್ಟ್ರಾಗಿ ಮೂವತ್ತು ವರ್ಷ ಪಾಠ ಮಾಡಿದರು. ಒಂದು ದಿನವೂ ಹುಡುಗರ ಮೇಲೆ ಬೆತ್ತ ಎತ್ತಿದವರಲ್ಲ. ಮಕ್ಕಳಾದ ನಮ್ಮ ಮೇಲಂತೂ ದನಿ ಕೂಡ ಎತ್ತಿದವರಲ್ಲ.

ತೊಂದರೆ ಆಗಿದ್ದೇ ಅಲ್ಲಿ.

2016ರಲ್ಲಿ ಅಕ್ಕ, ತನಗೆ ಒಬ್ಬ ಹುಡುಗ ಇಷ್ಟ ಅಂತ ಮನೆಯಲ್ಲಿ ಹೇಳಿದಳು. ಬೇರೆ ಜಾತಿ. ಅಮ್ಮ ಅತ್ತರು. ಅಪ್ಪ ಬೈಯಲಿಲ್ಲ. ಸಂಜೆ ಅವಳನ್ನು ತುಂಗಭದ್ರೆ ಕಡೆಗೆ ವಾಕಿಂಗ್ ಕರ್ಕೊಂಡು ಹೋದರು. ವಾಪಸ್ ಬರುವಾಗ ಅಕ್ಕ ಒಪ್ಪಿಕೊಂಡಿದ್ದಳು. ಏನು ಹೇಳಿದರು ಅಂತ ಬಹಳ ವರ್ಷ ಆದ ಮೇಲೆ ಹೇಳಿದಳು: "ಏನೂ ಹೇಳಲಿಲ್ಲ ಕಣೋ. ನಿನ್ನನ್ನೇನೂ ಕೇಳಿಲ್ಲಮ್ಮ ಇಷ್ಟು ದಿನ, ಇದೊಂದು ಕೇಳ್ತೀನಿ ಅಂದ್ರು. ಕಣ್ಣಲ್ಲಿ ನೀರಿತ್ತು." ಮಾರನೇ ವರ್ಷ ಅವರು ನೋಡಿದ ಕಡೆಯೇ ಮದುವೆ ಆಯ್ತು. ಭಾವ ಒಳ್ಳೆಯವರು, ದೂರುವಂಥದ್ದೇನೂ ಇಲ್ಲ. ಆದರೆ ಅಕ್ಕ ಫೋನ್ ಮಾಡಿದರೆ ಅಪ್ಪನ ಹತ್ತಿರ "ಊಟ ಆಯ್ತಾ?" ಅಷ್ಟೇ. ಆಮೇಲೆ "ಅಮ್ಮಂಗೆ ಕೊಡಿ".

2018ರ ಜುಲೈನಲ್ಲಿ 'ನಾಗರಹಾವು' ಡಿಜಿಟಲ್ ಆಗಿ, ಸಿನಿಮಾಸ್ಕೋಪ್‌ನಲ್ಲಿ ಮತ್ತೆ ಬಿಡುಗಡೆ ಆಯಿತು. ನಾನು ಆಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾ ದಿನಾ ಹರಿಹರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. "ದೊಡ್ಡ ಪರದೆ ಮೇಲೆ ಇನ್ನೊಂದ್ಸಲ ನೋಡೋಣ್ವೇನೋ" ಅಂತ ಅಪ್ಪನೇ ಕೇಳಿದರು. ಹೋದೆವು. ವಿಷ್ಣುವರ್ಧನ್ ಬಂದಾಗ ಥಿಯೇಟರ್ ತುಂಬಾ ಶಿಳ್ಳೆ. ನಾನೂ ಹೊಡೆದೆ, ಅಪ್ಪ ಪಕ್ಕದಲ್ಲಿದ್ದಾರೆ ಅನ್ನೋದು ಮರೆತು!

ಆಮೇಲೆ ಆ ದೃಶ್ಯ ಬಂತು. ಅಲಮೇಲುವನ್ನು ಬಿಟ್ಟುಬಿಡು ಅಂತ ರಾಮಾಚಾರಿಯನ್ನು ಮೇಷ್ಟ್ರು ಒಪ್ಪಿಸುವುದು. ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೆ, ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಊರೆಲ್ಲ ಹೆದರುವ ಹುಡುಗ ಅವನು. ಯಾರಾದರೂ ಗದರಿಸಿದ್ದರೆ ತಿರುಗಿ ಬೀಳುತ್ತಿದ್ದ. ಅಶ್ವತ್ಥ್ ಗದರಿಸುವುದಿಲ್ಲ. ಮೆತ್ತಗೆ, ಪ್ರೀತಿಯಿಂದ ಕೇಳುತ್ತಾರೆ. ಆ ದನಿಯಲ್ಲಿ ಮೋಸ ಇಲ್ಲ, ನಾಟಕ ಇಲ್ಲ. ಅವನ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ ಅಂತ ನಿಜವಾಗಿ ನಂಬಿದ ದನಿ ಅದು. ಗದರಿಸಿದವರಿಗೆ ಎದುರಾಡಬಹುದು, ಹಾಗೆ ಕೇಳಿದವರಿಗೆ ಏನು ಹೇಳೋದು? ವಿಲನ್ ಆಗಿ ಮಾಡಿದ್ದರೆ ಸುಲಭವಿತ್ತು. ಒಬ್ಬ ಒಳ್ಳೆಯ ಮನುಷ್ಯನಿಂದ ಎರಡು ಜೀವ ಹಾಳಾಗುವುದನ್ನು, ಅವನ ಒಳ್ಳೆಯತನ ಒಂದಿಷ್ಟೂ ಕಮ್ಮಿ ಆಗದ ಹಾಗೆ ತೋರಿಸೋದು ಎಷ್ಟು ಕಷ್ಟ ಯೋಚಿಸಿ. ಆ ಪಾತ್ರಕ್ಕೆ ಅವರಿಗೆ ಪೋಷಕ ನಟ ಅಂತ ರಾಜ್ಯಪ್ರಶಸ್ತಿ ಬಂತು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಅಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು.

ಕೊನೆಗೆ ಬೆಟ್ಟದ ಮೇಲಿಂದ ಮೇಷ್ಟ್ರು ಬಿದ್ದಾಗ ಥಿಯೇಟರಿನಲ್ಲಿ ಒಂದು ಶಿಳ್ಳೆಯೂ ಇಲ್ಲ.

ಹೊರಗೆ ಬಂದು ಬೆಣ್ಣೆ ದೋಸೆ ತಿಂದೆವು. ಅಪ್ಪ ಒಂದೇ ದೋಸೆಗೆ ಸಾಕು ಅಂದರು, ಅದೇ ದೊಡ್ಡ ಸುದ್ದಿ. ಹರಿಹರದ ಬಸ್ಸು ಹತ್ತಿ ಸ್ವಲ್ಪ ದೂರ ಬಂದ ಮೇಲೆ ಕಿಟಕಿ ಕಡೆ ನೋಡ್ತಾ ಹೇಳಿದರು: "ಮೇಷ್ಟ್ರು ತಪ್ಪು ಮಾಡಿದ್ರು ಕಣಪ."

ನಾನು ಏನೂ ಹೇಳಲಿಲ್ಲ. ಆಮೇಲೆ, "ಅಕ್ಕಂಗೆ ಫೋನ್ ಹಚ್ಚು" ಅಂದರು. ಬಸ್ಸಿನ ಗದ್ದಲದಲ್ಲಿ ಜೋರಾಗಿ, "ನಾಗರಹಾವು ನೋಡ್ಕೊಂಡು ಬಂದ್ವಮ್ಮ" ಅಂದರು. ಆ ಕಡೆಯಿಂದ ಅಕ್ಕ ಅಂದಿದ್ದು ನನಗೂ ಕೇಳಿಸಿತು: "ನಂಗೆ ಆ ಮೇಷ್ಟ್ರ ಮೇಲೆ ಇವತ್ತಿಗೂ ಸಿಟ್ಟಿದೆ ಅಪ್ಪಾಜಿ." ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡಮ್ಮ, ಇರಬೇಕಾದ್ದೇ" ಅಂದರು. ಕ್ಷಮಿಸು ಅನ್ನಲಿಲ್ಲ. ಆ ಪದ ನಮ್ಮ ಅಪ್ಪಂದಿರಿಗೆ ಯಾರೂ ಕಲಿಸಿಲ್ಲ, ಪಾಪ. ಆದರೆ ಅವತ್ತು ಅಕ್ಕ "ಅಮ್ಮಂಗೆ ಕೊಡಿ" ಅನ್ನಲಿಲ್ಲ. ಬಸ್ಸು ಹರಿಹರ ಮುಟ್ಟುವವರೆಗೂ ಮಾತಾಡಿದರು, ಮಳೆ, ಭತ್ತದ ರೇಟು, ಭಾವನ ಟ್ರಾನ್ಸ್‌ಫರ್ ಅಂತ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಸರಿಹೋಗುವಂಥದ್ದೂ ಅಲ್ಲ ಅದು.

ಅಶ್ವತ್ಥ್ ತೀರಿಕೊಂಡಿದ್ದು 2010ರ ಜನವರಿ 18ಕ್ಕೆ, ಅವರ ರಾಮಾಚಾರಿ ವಿಷ್ಣುವರ್ಧನ್ ಹೋಗಿ ಇನ್ನೂ ಮೂರು ವಾರ ಆಗಿರಲಿಲ್ಲ. ಅದೇ ತಿಂಗಳು ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಕೂಡ ಹೋದರು. ನಾನಾಗ ಪ್ರೈಮರಿ ಸ್ಕೂಲಿನ ಹುಡುಗ. ಅಪ್ಪ ಪೇಪರಿನಲ್ಲಿ ಬಂದ ಫೋಟೋಗಳನ್ನು ಕತ್ತರಿಸಿ ಇಟ್ಟಿದ್ದರು. ಮೊನ್ನೆ ಕಪಾಟಿನಲ್ಲಿ ಏನೋ ಹುಡುಕುವಾಗ ಸಿಕ್ಕಿತು. ಅಶ್ವತ್ಥ್ ಫೋಟೋ ಹಳದಿ ಬಣ್ಣಕ್ಕೆ ತಿರುಗಿದೆ, ಮುಖದ ಮೇಲಿನ ಆ ಶಾಂತಿ ಮಾತ್ರ ಹಾಗೇ ಇದೆ. ನೋಡಿದರೆ ಈಗಲೂ ಏನು ಕೇಳಿದರೂ ಹೂಂ ಅಂದುಬಿಡಬೇಕು ಅನ್ನಿಸುತ್ತೆ.

ನಿಮ್ಮ ಮನೆಯಲ್ಲೂ ಒಬ್ಬರು ಚಾಮಯ್ಯ ಮೇಷ್ಟ್ರು ಇದ್ದಾರಾ? ಇದ್ದರೆ ಇವತ್ತೊಂದು ಫೋನ್ ಮಾಡಿ. ಸಿಟ್ಟಿದ್ದರೆ ಅದನ್ನೂ ಹೇಳಿ.