ಹತ್ತು ಸಾವಿರ ಟನ್ನಿನ ಷರತ್ತು

ಶಾಸನಗಳು ಹೆಂಜೇರು ಎಂದು ಕರೆಯುವ ಹೇಮಾವತಿಗೂ ಸಮುದ್ರಕ್ಕೂ ನಂಟಿಲ್ಲ. ಪೂರ್ವದ ಕಡಲು ನೂರಾರು ಕಿಲೋಮೀಟರು ದೂರ. ಪಶ್ಚಿಮದ ಕಡಲಿಗೆ ಹೋಗಲು ಘಟ್ಟವನ್ನೇ ಇಳಿಯಬೇಕು. ನೊಳಂಬರ ಈ ರಾಜಧಾನಿ ಕಂಡ ಯುದ್ಧಗಳೆಲ್ಲ ನೆಲದ ಯುದ್ಧಗಳು. ದಂಡು ಬರುವಾಗ ಧೂಳೇಳುತ್ತಿತ್ತು, ಹೋದ ಮೇಲೆ ಗುರುತು ಉಳಿಯುತ್ತಿತ್ತು. ಚೋಳರು ನೊಳಂಬವಾಡಿಯಿಂದ ಹೊತ್ತೊಯ್ದ ಕಂಬಗಳು ಇಂದಿಗೂ ತಿರುವೈಯಾರಿನ ದೇವಾಲಯದಲ್ಲಿ ನಿಂತಿವೆ. ಎಲ್ಲಿಂದ ಬಂದವು ಎಂಬುದಕ್ಕೆ ಆ ಕೆತ್ತನೆಯೇ ಸಾಕ್ಷಿ.

1942ರ ಏಪ್ರಿಲ್ 6ರಂದು, ಹೇಮಾವತಿಯೂ ಸೇರಿದ್ದ ಅಂದಿನ ಮದರಾಸು ಪ್ರಾಂತ್ಯದ ಮೇಲೆ ನಡೆದ ದಾಳಿ ಬೇರೆಯೇ ಬಗೆಯದು. ಅಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದವು. ಅವು ಹೊರಟದ್ದು ಯಾವ ನೆಲದಿಂದಲೂ ಅಲ್ಲ. ಬಂಗಾಳ ಕೊಲ್ಲಿಯಲ್ಲಿದ್ದ ರ್ಯೂಜೋ ಎಂಬ ವಿಮಾನವಾಹಕ ನೌಕೆಯ ಮೇಲಟ್ಟದಿಂದ. ಇಂಥ ನೌಕೆಯ ಬಲವೇ ಅದು. ಹಡಗು ದಿಗಂತದ ಆಚೆ ಉಳಿದು ಬಾಂಬನ್ನಷ್ಟೇ ಕಳುಹಿಸಬಲ್ಲದು. ಎರಡನೆಯ ಮಹಾಯುದ್ಧವೆಂದರೆ ಹಿಟ್ಲರನ ಯೂರೋಪು ಎಂದು ಬಗೆಯುವ ಮಕ್ಕಳಿಗೆ, ಆ ಯುದ್ಧ ತಮ್ಮದೇ ರಾಜ್ಯದ ತೀರವನ್ನು ಮುಟ್ಟಿತ್ತೆಂದು ಹೇಳಿಕೊಡುವುದು ಅಗತ್ಯ.

ರ್ಯೂಜೋ ಎಂದರೆ ಮೇಲೆ ನೆಗೆಯುವ ಡ್ರ್ಯಾಗನ್. ಹೆಸರು ಪುರಾಣದ್ದಾದರೂ ಹಡಗಿನ ಜಾತಕ ತೆಗೆದರೆ ಮೊದಲು ಸಿಗುವುದು ಕಾನೂನಿನ ಒಂದು ವಾಕ್ಯ. ಮೊದಲ ಮಹಾಯುದ್ಧದ ಬಳಿಕ ದೊಡ್ಡ ರಾಷ್ಟ್ರಗಳು ನೌಕಾಬಲದ ಪೈಪೋಟಿಗೆ ಕಡಿವಾಣ ಹಾಕಲು ಕೂಡಿ, 1922ರ ಫೆಬ್ರವರಿ 6ರಂದು ವಾಷಿಂಗ್ಟನ್ನಿನಲ್ಲಿ ಒಪ್ಪಂದಕ್ಕೆ ಸಹಿ ಮಾಡಿದವು. ಬ್ರಿಟನ್ನಿಗೂ ಅಮೆರಿಕಕ್ಕೂ ತಲಾ 1,35,000 ಟನ್ನುಗಳ ವಿಮಾನವಾಹಕಗಳು, ಜಪಾನಿಗೆ 81,000 ಟನ್ನು. ಮಿತಿ ಹಾಕಿದ ಮೇಲೆ ವ್ಯಾಖ್ಯೆ ಬೇಕಲ್ಲ? ವಿಮಾನಗಳನ್ನು ಒಯ್ಯಲೆಂದೇ ನಿರ್ಮಿಸಿದ, ಹತ್ತು ಸಾವಿರ ಟನ್ನಿಗಿಂತ ಹೆಚ್ಚು ತೂಕದ ಯುದ್ಧನೌಕೆಯೇ ವಿಮಾನವಾಹಕ ಎಂದು ಬರೆದರು. ಹಾಗಾದರೆ ಎಂಟು ಸಾವಿರ ಟನ್ನಿನದು? ಒಪ್ಪಂದದ ಕಣ್ಣಿಗೆ ಅದು ವಿಮಾನವಾಹಕವೇ ಅಲ್ಲ, ಲೆಕ್ಕಕ್ಕೂ ಬಾರದು. ಭೂಮಿತಿ ಕಾಯ್ದೆ ಬಂದಾಗ ನೆಂಟರಿಷ್ಟರ ಹೆಸರಿಗೆ ಕಾಗದದಲ್ಲಿ ಹೊಲ ಹಂಚಿ, ಉಳುಮೆ ಮಾತ್ರ ತಾವೇ ಮಾಡಿಕೊಂಡವರ ಕತೆ ಕೇಳಿದವರಿಗೆ ಇದು ಹೊಸ ಜಾಣತನವೆನಿಸದು.

ಜಪಾನು ರ್ಯೂಜೋವನ್ನು ಆ ಸಂದಿಯಲ್ಲಿ ನುಸುಳಿಸಲು ಹೊರಟಿತು. 1929ರಲ್ಲಿ ಕೆಲಸ ಆರಂಭವಾಯಿತು. ಮೊದಲ ನಕ್ಷೆಯಲ್ಲಿ ವಿಮಾನಗಳನ್ನು ಇಡಲು ಒಂದೇ ಅಂತಸ್ತು. ಅಷ್ಟು ವಿಮಾನಗಳು ಸಾಲವೆಂದು ಅದರ ಮೇಲೆ ಇನ್ನೊಂದು ಅಂತಸ್ತು ಏರಿಸಿದರು. ಅಷ್ಟರಲ್ಲಿ, 1930ರ ಏಪ್ರಿಲ್‌ನಲ್ಲಿ, ಲಂಡನ್ನಿನ ಹೊಸ ಒಪ್ಪಂದ ಹತ್ತು ಸಾವಿರದ ಷರತ್ತನ್ನೇ ತೆಗೆದುಹಾಕಿ ಸಂದಿಯನ್ನು ಮುಚ್ಚಿತು. 1933ರಲ್ಲಿ ಸಿದ್ಧವಾದ ಹಡಗಿಗೆ ರಿಯಾಯಿತಿಯೂ ಸಿಗಲಿಲ್ಲ, ಸಮತೋಲವೂ ಇರಲಿಲ್ಲ. ಸಣ್ಣ ಗಾಡಿಗೆ ಎರಡಾಳೆತ್ತರ ಹುಲ್ಲು ಹೇರಿದಂತೆ ತಲೆಭಾರ. 1934ರಲ್ಲಿ ಇಂಥದೇ ತಲೆಭಾರದ ತೊಮೊಜುರು ಎಂಬ ಸಣ್ಣ ಯುದ್ಧನೌಕೆ ಬಿರುಗಾಳಿಗೆ ಮಗುಚಿದ ಮೇಲೆ ರ್ಯೂಜೋವನ್ನೂ ಮತ್ತೆ ಕಟ್ಟೆಗೆ ಎಳೆದು ತಿದ್ದಬೇಕಾಯಿತು. ಮರುವರ್ಷ ಇನ್ನೊಂದು ಚಂಡಮಾರುತ, ಇನ್ನೊಮ್ಮೆ ದುರಸ್ತಿ.

ಅದೇ ಒಪ್ಪಂದದ ಇನ್ನೊಂದು ಕೂಸು ಅಕಾಗಿ. ಅರ್ಧ ಕಟ್ಟಿದ್ದ ದೊಡ್ಡ ಯುದ್ಧನೌಕೆಗಳನ್ನು ಒಡೆಯಬೇಕು, ಆದರೆ ಎರಡನ್ನು ವಿಮಾನವಾಹಕಗಳಾಗಿ ಮಾರ್ಪಡಿಸಬಹುದು ಎಂದಿತ್ತು. ಜಪಾನು ಅಕಾಗಿ ಮತ್ತು ಅಮಾಗಿಗಳನ್ನು ಆರಿಸಿತು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಅಮಾಗಿ ಕಟ್ಟೆಯಲ್ಲೇ ಜಖಂಗೊಂಡಿತು. ಗುಜರಿಗೆ ಹೊರಟಿದ್ದ ಕಾಗಾ ಅದರ ಜಾಗಕ್ಕೆ ಬಂತು. ಫಿರಂಗಿ ಹೊರಬೇಕಾಗಿದ್ದ ಒಡಲಿಗೆ ವಿಮಾನದ ಅಟ್ಟ ಬಿತ್ತು. ಸಮುದ್ರದ ಮುಂದಿನ ಯುದ್ಧಗಳನ್ನು ವಿಮಾನವೇ ತೀರ್ಮಾನಿಸುವುದೆಂದು ಸಹಿ ಮಾಡಿದವರಲ್ಲಿ ಹೆಚ್ಚಿನವರು ಊಹಿಸಿರಲಿಲ್ಲ. ಕಾಗದದ ಮೇಲಿನ ಒಂದು ಗೆರೆ ಮುಂದೆ ಎಲ್ಲಿಗೆ ಮುಟ್ಟುವುದೆಂಬುದು ಗೆರೆ ಎಳೆದವರಿಗೇ ತಿಳಿದಿರುವುದಿಲ್ಲ. ಗಡಿಯ ಊರುಗಳಲ್ಲಿ ಈ ಮಾತನ್ನು ವಿವರಿಸಬೇಕಾಗಿಲ್ಲ.

ಜಪಾನೀಯರಿಗೆ ಈ ವಿದ್ಯೆ ಕಲಿಸಿದವರಲ್ಲಿ ಬ್ರಿಟಿಷರೇ ಪ್ರಮುಖರು. 1921ರಲ್ಲಿ ಸೆಂಪಿಲ್ ಎಂಬವನ ನೇತೃತ್ವದಲ್ಲಿ ಅವರ ತಂಡವೊಂದು ಜಪಾನಿಗೆ ಹೋಗಿ ನೌಕಾವಿಮಾನ ಚಾಲಕರಿಗೆ ತರಬೇತಿ ಕೊಟ್ಟಿತು. ಗುರುದಕ್ಷಿಣೆ ಇಪ್ಪತ್ತು ವರ್ಷದ ಮೇಲೆ ಸಂದಿತು. 1942ರ ಏಪ್ರಿಲ್ 5ರ ಈಸ್ಟರ್ ಭಾನುವಾರ ನಗುಮೊ ಎಂಬ ಸೇನಾಪತಿಯ ಐದು ವಿಮಾನವಾಹಕಗಳು ಕೊಲಂಬೊ ಮೇಲೆರಗಿದವು; 9ರಂದು ತ್ರಿಂಕೋಮಲಿ. ಅಂದೇ ಬ್ರಿಟನ್ನಿನ ವಿಮಾನವಾಹಕ ಹರ್ಮಿಸ್ ಸಿಂಹಳದ ಪೂರ್ವ ತೀರದಲ್ಲಿ ಮುಳುಗಿತು. ಅದರ ಅಟ್ಟದ ಮೇಲೆ ಆ ಹೊತ್ತಿಗೆ ಒಂದು ವಿಮಾನವೂ ಇರಲಿಲ್ಲ. ಅದೇ ಹೆಸರು ಹೊತ್ತ ಮುಂದಿನ ಬ್ರಿಟಿಷ್ ಹಡಗು ಭಾರತಕ್ಕೆ ಬಂದು ವಿರಾಟ್ ಆಗಿ 2017ರವರೆಗೆ ದುಡಿಯಿತು. ಇತ್ತ ಬಂಗಾಳ ಕೊಲ್ಲಿಯಲ್ಲಿ ಒಜಾವಾನ ಪಡೆ, ರ್ಯೂಜೋ ಮತ್ತು ಅದರ ಜೊತೆಯ ಯುದ್ಧನೌಕೆಗಳು, ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಸರಕು ಹಡಗುಗಳನ್ನು ಮುಳುಗಿಸಿತು.

ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಿದ್ದ ಬಾಂಬುಗಳು ಕಡಿಮೆ. ಹಬ್ಬಿದ ಭಯ ಅಪಾರ. ಶತ್ರುವಿನ ಹಡಗುಗಳು ಮದರಾಸಿನತ್ತ ಬರುತ್ತಿವೆ ಎಂಬ ಸುದ್ದಿ ಬಂತು. ಕೆಲಸವಿಲ್ಲದವರು ಊರು ಬಿಡಿರೆಂದು ಸರ್ಕಾರವೇ ಸೂಚಿಸಿತು, ತನ್ನ ಕಚೇರಿಗಳನ್ನು ಒಳನಾಡಿಗೆ ಸಾಗಿಸಿತು. ಮೃಗಾಲಯದ ಕ್ರೂರಮೃಗಗಳನ್ನು, ಅವು ತಪ್ಪಿಸಿಕೊಂಡಾವೆಂದು, ಗುಂಡಿಟ್ಟು ಕೊಂದರು. 1914ರಲ್ಲಿ ಎಮ್ಡನ್ ಎಂಬ ಜರ್ಮನ್ ನೌಕೆ ಮದರಾಸಿನ ಮೇಲೆ ಗುಂಡು ಹಾರಿಸಿದ ನೆನಪು ಜನರಲ್ಲಿ ಇನ್ನೂ ಇತ್ತು. ಹೆದರಿದ್ದು ಅವರ ತಪ್ಪಲ್ಲ. ಆದರೆ ಸುದ್ದಿ ಸುಳ್ಳಾಗಿತ್ತು. ಆ ಏಪ್ರಿಲ್‌ನಲ್ಲಿ ಮದರಾಸಿಗೆ ಯಾವ ನೌಕೆಯೂ ಬರಲಿಲ್ಲ. ಗಾಬರಿ ಹುಟ್ಟಿಸುವ ಮಾತಾಡಿದವರನ್ನು ಭಾರತ ರಕ್ಷಣಾ ನಿಯಮಗಳಡಿ ಶಿಕ್ಷಿಸುತ್ತಿದ್ದ ಸರ್ಕಾರವೇ ಸುಳ್ಳು ಸುದ್ದಿಯನ್ನು ನಂಬಿ ಆಜ್ಞೆ ಹೊರಡಿಸಿತು. ಅದಕ್ಕೆ ಯಾವ ನಿಯಮದಡಿ ವಿಚಾರಣೆ?

ಅಂದು ಮಡಕಶಿರಾ ತಾಲ್ಲೂಕು ಮೈಸೂರು ಸಂಸ್ಥಾನದೊಳಕ್ಕೆ ಚಾಚಿಕೊಂಡ ಮದರಾಸಿನ ಒಂದು ತುದಿ. ಪಕ್ಕದ ಶಿರಾ ಮಹಾರಾಜರದು. ಆ ಕಡೆಯ ರಾಜಧಾನಿಯಲ್ಲಿ ಯುದ್ಧ ಬೇರೆ ರೂಪ ತಾಳಿತ್ತು. ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ 1940ರ ಡಿಸೆಂಬರಿನಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಸಂಸ್ಥಾನ ಕೊಟ್ಟ ನೆಲ ಮತ್ತು ಹಣದ ನೆರವಿನಿಂದ, ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದಿದ್ದರು. ಅವರದೇ ಸಿಂಧಿಯಾ ಕಂಪನಿಯ ಹಡಗುಕಟ್ಟೆಗೆ 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ರಾಜೇಂದ್ರ ಪ್ರಸಾದರು ಅಡಿಗಲ್ಲಿಟ್ಟರು. ವರ್ಷ ತುಂಬುವ ಮೊದಲೇ ರ್ಯೂಜೋವಿನ ವಿಮಾನಗಳು ಆ ಬಂದರಿನ ಮೇಲೆ ಬಂದವು. ಹಡಗು ಕಟ್ಟುವ ಕೆಲಸ ಕುಂಠಿತವಾಯಿತು. ಅಲ್ಲಿಂದ ಮೊದಲ ಹಡಗು ಜಲಉಷಾ ನೀರಿಗಿಳಿದದ್ದು 1948ರಲ್ಲಿ. ಕಡಲಿನಿಂದ ದೂರವಿದ್ದ ಬೆಂಗಳೂರಿನ ಕಾರ್ಖಾನೆಯನ್ನು 1942ರಲ್ಲಿ ಭಾರತ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಮರುವರ್ಷದಿಂದ ಅಮೆರಿಕನ್ನರ ಕೈಕೆಳಗೆ ಯುದ್ಧವಿಮಾನಗಳ ದುರಸ್ತಿ ಅಲ್ಲಿ ಹಗಲಿರುಳು ನಡೆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಏಪ್ರಿಲ್ 4ರಂದು ನಗುಮೊನ ಪಡೆಯನ್ನು ಮೊದಲು ಕಂಡು ಕೊಲಂಬೊಗೆ ಎಚ್ಚರಿಕೆ ಕಳುಹಿಸಿದ ಕೆನಡಾದ ಬರ್ಚಾಲ್ ಹಾರಿಸುತ್ತಿದ್ದದ್ದು ಕ್ಯಾಟಲೀನಾ ವಿಮಾನವನ್ನೇ. ಆತನ ವಿಮಾನವನ್ನು ಜಪಾನೀಯರು ಹೊಡೆದುರುಳಿಸಿ ಆತನನ್ನು ಸೆರೆ ಹಿಡಿದರು.

ಆ ಏಪ್ರಿಲ್‌ನಲ್ಲಿ ಈ ಕಡಲುಗಳಿಗೆ ಬಂದ ಆರು ವಿಮಾನವಾಹಕಗಳಲ್ಲಿ ಒಂದೂ ಯುದ್ಧ ಮುಗಿಯುವವರೆಗೆ ಉಳಿಯಲಿಲ್ಲ. ಅಕಾಗಿ, ಸೊರ್ಯೂ, ಹಿರ್ಯೂ ಎರಡೇ ತಿಂಗಳಲ್ಲಿ ಮಿಡ್‌ವೇ ಕದನದಲ್ಲಿ ಕಾಗಾದೊಡನೆ ಮುಳುಗಿದವು. ರ್ಯೂಜೋ ಆಗಸ್ಟ್ 24ರಂದು ಸೊಲೊಮನ್ ದ್ವೀಪಗಳ ಬಳಿ ಅಮೆರಿಕದ ವಿಮಾನಗಳಿಗೆ ಬಲಿಯಾಯಿತು. ಶೊಕಾಕು, ಜುಯಿಕಾಕು 1944ರಲ್ಲಿ. ಜಪಾನಿನ ಮೊತ್ತಮೊದಲ ವಿಮಾನವಾಹಕ, 1922ರಲ್ಲಿ ಸಿದ್ಧವಾದ ಪುಟ್ಟ ಹೊಶೊ ಮಾತ್ರ ಉಳಿದು, ಸೋತ ಸೈನಿಕರನ್ನು ದೂರದ ದ್ವೀಪಗಳಿಂದ ಮನೆಗೆ ಕರೆತಂದು, 1947ರಲ್ಲಿ ಗುಜರಿಯಾಯಿತು.

ವಿಶಾಖಪಟ್ಟಣದ ಕಡಲ ದಂಡೆಯ ರಸ್ತೆಯಲ್ಲಿರುವ ವಿಶಾಖ ವಸ್ತುಸಂಗ್ರಹಾಲಯದಲ್ಲಿ ಜಪಾನೀಯರು ಹಾಕಿದ, ಸಿಡಿಯದೆ ಉಳಿದ ಒಂದು ಬಾಂಬನ್ನು ಇಟ್ಟಿದ್ದಾರೆ. ಶಾಲೆಯ ಪ್ರವಾಸ ಅತ್ತ ಹೋದರೆ ಹೇಮಾವತಿಯ ಮಕ್ಕಳೂ ಅದನ್ನು ನೋಡಬಹುದು.