ಸಾಂತೆತಿಯೆನ್ನಿನ ಕತ್ತಿಯೂ ಅದರ ಒರೆಯೂ

ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಿಂದ ರೈಲಿನಲ್ಲಿ ಹೊರಟರೆ ಒಂದು ಗಂಟೆಯೊಳಗಾಗಿ ಸಾಂತೆತಿಯೆನ್ ಎಂಬ ಊರು ಸಿಕ್ಕುತ್ತದೆ. ಪ್ಯಾರಿಸ್ಸನ್ನು ಕಾಣಹೋಗುವ ನಮ್ಮವರು ಇತ್ತ ಸುಳಿಯುವುದು ಅಪರೂಪ. ಊರೇನೋ ಅಷ್ಟು ಚೆಲುವಾದುದಲ್ಲ. ಕಲ್ಲಿದ್ದಲಿನ ಗಣಿಯಿಂದ ತೆಗೆದು ಸುರಿದ ಕಲ್ಲುಮಣ್ಣಿನ ಎರಡು ರಾಶಿಗಳು, 1973ರಲ್ಲಿ ಆ ಗಣಿ ಮುಚ್ಚಿಹೋದ ಮೇಲೆಯೂ, ಜೋಡಿ ಗುಡ್ಡಗಳಂತೆ ಊರಿನ ಮಗ್ಗುಲಲ್ಲಿ ನಿಂತಿವೆ.

ಲಿಯೋನಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನಿಗೆ ಹಳೆಯ ಸಂಗೀನುಗಳನ್ನು, ಅಂದರೆ ಬಂದೂಕದ ಮೂತಿಗೆ ಸಿಕ್ಕಿಸುವ ಕತ್ತಿಗಳನ್ನು, ಕೂಡಿಡುವ ಹವ್ಯಾಸವುಂಟು. ಅವುಗಳಲ್ಲಿ ಅನೇಕವು ಹುಟ್ಟಿದ ಊರನ್ನು ನೋಡಬೇಕೆಂದು ಅವನೊಡನೆ ನಾವು ಹೋದೆವು.

1764ರಲ್ಲಿ ಇಲ್ಲಿ ರಾಜಕೀಯ ಆಯುಧಶಾಲೆಯು ಸ್ಥಾಪಿತವಾಯಿತು. ಫ್ರೆಂಚರ ಮಹಾಕ್ರಾಂತಿಯ ದಿನಗಳಲ್ಲಿ ಊರಿಗೆ ಸಂತನ ಹೆಸರು ಬೇಡವೆಂದು ‘ಆರ್ಮ್‌ವಿಲ್’, ಎಂದರೆ ಆಯುಧಪುರವೆಂದು, ನಾಮಕರಣ ಮಾಡಿದ್ದರು. ಅದು ಬಹುಕಾಲ ನಿಲ್ಲಲಿಲ್ಲ. ಮೂರನೆಯ ನೆಪೋಲಿಯನ್ನನ ಆಳಿಕೆಯಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆಯ ಹಲವು ಕಟ್ಟಡಗಳು ಈಗಲೂ ಇವೆ. 2001ರಲ್ಲಿ ಅಲ್ಲಿಯ ಕೆಲಸ ನಿಂತಿತು. 2009ರಿಂದ ಅಲ್ಲಿ ವಿನ್ಯಾಸಕಲೆಯ ಸಂಸ್ಥೆಯೊಂದು ನಡೆಯುತ್ತಿದೆ. ಅದಕ್ಕಾಗಿ ಹೊಸದಾಗಿ ಕಟ್ಟಿದ ಗಾಜಿನ ಮಂದಿರಕ್ಕೆ ‘ಪ್ಲಾತೀನ್’ ಎಂದು ಹೆಸರು. ಬಂದೂಕದ ಕುದುರೆಯುಳ್ಳ ಯಂತ್ರಭಾಗಕ್ಕೂ ಫ್ರೆಂಚಿನಲ್ಲಿ ಅದೇ ಶಬ್ದ.

ಕೂಡಿಡುವವರು ಮೊದಲು ಅರಸುವುದು 1866ರ ಮಾದರಿಯ ಶಾಸ್‌ಪೋ ಬಂದೂಕದ ಕತ್ತಿಯನ್ನು. ಅಲಗು ಸುಮಾರು 57 ಸೆಂಟಿಮೀಟರು, ಒಂದು ಮೊಳಕ್ಕಿಂತ ತುಸು ಹೆಚ್ಚು. ತುರ್ಕರ ಯಾಟಗಾನ್ ಕತ್ತಿಯಂತೆ ಒಮ್ಮೆ ಕೆಳಕ್ಕೂ ಮತ್ತೆ ಮೇಲಕ್ಕೂ ಬಾಗಿದುದು. ಹಿಡಿ ಹಿತ್ತಾಳೆಯದು, ಬೆರಳು ಜಾರದಂತೆ ಅಡ್ಡಗೆರೆಗಳುಳ್ಳದ್ದು. ನೋಡಿದೊಡನೆ ಹುಣಿಸೆಹಣ್ಣು ಹಚ್ಚಿ ತಿಕ್ಕಬೇಕೆಂದು ನಮಗೆ ಕೈ ತುರಿಸಿತು. ಅಳಿಯನು “ಬೇಡಿ ಮಾವ, ಹಳೆಯ ಬಣ್ಣ ಹೋದರೆ ಮತ್ತೆ ಬರುವುದಿಲ್ಲ” ಎಂದು ತಡೆದನು.

ಅಲಗಿನ ಬೆನ್ನಿನ ಮೇಲೆ ಸಣ್ಣ ಕೂಡಕ್ಷರಗಳಲ್ಲಿ ಕಾರ್ಖಾನೆಯ ಹೆಸರು, ತಿಂಗಳು, ವರ್ಷಗಳನ್ನು ಕೆತ್ತಿರುತ್ತಾರೆ. ಇಲ್ಲಿಯೇ ನಮಗೆ ಅತ್ಯಂತ ಸಂತೋಷವಾದುದು. ಸೆಪ್ಟೆಂಬರ್ ಎಂದು ಪೂರ್ತಿ ಬರೆಯದೆ, 7ರ ಅಂಕಿಯನ್ನಿಟ್ಟು ಅದರ ಮುಂದೆ ‘ಬ್ರ್’ ಎಂಬ ಕೊನೆಯ ಅಕ್ಷರಗಳನ್ನು ಮಾತ್ರ ಸೇರಿಸುತ್ತಿದ್ದರು. ಅಕ್ಟೋಬರಿಗೆ 8, ನವಂಬರಿಗೆ 9. ನಮ್ಮ ಸಪ್ತ, ಅಷ್ಟ, ನವಗಳ ಒಡಹುಟ್ಟಿದ ಶಬ್ದಗಳೇ ಇವು. ರೋಮನರ ವರ್ಷವು ಮಾರ್ಚಿಯಲ್ಲಿ ಮೊದಲಾಗುತ್ತಿದ್ದ ಕಾಲದ ಗುರುತು. ಒಂಬತ್ತನೆಯ ತಿಂಗಳನ್ನು ಏಳೆಂದು ಬರೆದ ಆ ಕಮ್ಮಾರನು ಪಾಣಿನಿಯನ್ನು ಅರಿಯನು. ಆದರೂ ಅವನ ಉಳಿಯ ತುದಿಯಲ್ಲಿ ಸಂಸ್ಕೃತದ ದಾಯಾದಿಯೊಬ್ಬಳಿದ್ದಳು. 1870ರ ಸೆಪ್ಟೆಂಬರಿನಲ್ಲಿ ಸಾಮ್ರಾಜ್ಯ ಬಿದ್ದ ಬಳಿಕ ಬರಹದೊಳಗಿನ ‘ಸಾಮ್ರಾಟನ’ ಎಂಬ ಮಾತೂ ಮರೆಯಾಯಿತು.

ಆದರೆ ಅಳಿಯನು ಮೊದಲು ನೋಡುವುದು ಅಲಗನ್ನಲ್ಲ, ಒರೆಯನ್ನು. ಸಂಸ್ಕೃತದಲ್ಲಿ ಒರೆಗೆ ಕೋಶವೆಂದು ಹೆಸರು. ಬೊಕ್ಕಸಕ್ಕೂ ನಿಘಂಟಿಗೂ ಅದೇ ಶಬ್ದವಿರುವುದು ಸುಮ್ಮನೆಯಲ್ಲ. ಕತ್ತಿಯ ಅಡ್ಡಪಟ್ಟಿಯ ಮೇಲೆ ಒಂದು ಅಕ್ಷರವನ್ನೂ ಅಂಕಿಗಳನ್ನೂ ಒತ್ತಿರುತ್ತಾರೆ. ಉಕ್ಕಿನ ಒರೆಯ ಬಾಯಿಯ ಹತ್ತಿರವೂ ಅದೇ ಸಂಖ್ಯೆ ಇರಬೇಕು. ಬಂದೂಕಕ್ಕೂ ಅದೇ. ಮೂರೂ ಒಬ್ಬ ಸಿಪಾಯಿಯ ಸ್ವತ್ತು. ಅವನ ಹೆಸರನ್ನು ಯಾರೂ ಕತ್ತಿಯ ಮೇಲೆ ಬರೆಯಲಿಲ್ಲ. ಎರಡು ಸಂಖ್ಯೆಗಳು ಕೂಡಿದರೆ, ಇವೆರಡೂ ಒಂದೇ ಸೊಂಟದಲ್ಲಿ ತೂಗಿದ್ದುವೆಂದು ಹೇಳಬಹುದು, ಅಷ್ಟೆ.

ಹೀಗೆ ಕೂಡುವುದು ಕಷ್ಟ. 1870ರ ಅಕ್ಟೋಬರಿನಲ್ಲಿ ಮೆಟ್ಸ್ ಕೋಟೆಯಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಫ್ರೆಂಚ್ ಸೈನ್ಯವು ಆಯುಧಗಳ ಸಹಿತ ಶರಣಾಯಿತು. ಅದಕ್ಕೆ ಮೊದಲು ಸೆದಾನಿನಲ್ಲಿಯೂ ಹಾಗೆಯೇ. ಜರ್ಮನರು ಆ ಕತ್ತಿಗಳನ್ನು ಕೊಂಡೊಯ್ದು, ಕೆಲವಕ್ಕೆ ಮೂತಿಯ ಉಂಗುರವನ್ನು ಬದಲಿಸಿ ತಮ್ಮ ಬಂದೂಕಗಳಿಗೆ ಅಳವಡಿಸಿಕೊಂಡರು. ರಾಶಿಯಿಂದ ಎತ್ತಿಕೊಳ್ಳುವವನಿಗೆ ಯಾವ ಕತ್ತಿಗೆ ಯಾವ ಒರೆಯಾದರೇನು? ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರದೆಂಬ ಗಾದೆ ನಮ್ಮಲ್ಲಿದೆ. ತನ್ನದಲ್ಲದ ಒರೆಯಲ್ಲಿ ಕತ್ತಿಯೊಂದು ನೂರೈವತ್ತು ವರ್ಷ ಇದ್ದುದನ್ನು ನಾವು ಇಲ್ಲಿಯೇ ಕಂಡುದು.

ಸಾಂತೆತಿಯೆನ್ನಿನ ಕಲೆ ಮತ್ತು ಕೈಗಾರಿಕೆಗಳ ವಸ್ತುಸಂಗ್ರಹಾಲಯದಲ್ಲಿ ಆಯುಧಗಳೂ ಸೈಕಲ್ಲುಗಳೂ ರೇಷ್ಮೆಯ ರಿಬ್ಬನ್ನುಗಳೂ ಒಂದೇ ಸೂರಿನಡಿಯಲ್ಲಿವೆ. ಈ ಊರಿನ ಕೈಗಳು ಮೂರನ್ನೂ ಮಾಡಿದುವು. ನಮ್ಮ ಮನೆಯವರು ಬಂದಿದ್ದರೆ ರಿಬ್ಬನ್ನಿನ ಕೋಣೆಯಿಂದ ಮುಂದಕ್ಕೆ ಹೆಜ್ಜೆಯಿಡುತ್ತಿರಲಿಲ್ಲ.

ಲಿಯೋನಿಗೆ ಹಿಂದಿರುಗಿದ ಮರುದಿನ ಹಳೆಯ ಸಾಮಾನಿನ ಸಂತೆಯಲ್ಲಿ ಅಳಿಯನಿಗೆ ಒಂದು ಶಾಸ್‌ಪೋ ಕತ್ತಿ ದೊರೆಯಿತು. ಸಂಖ್ಯೆಗಳು ಬೇರೆ ಬೇರೆ. ಅಂಗಡಿಯಾತನು ತಗ್ಗಿದ ದನಿಯಲ್ಲಿ, ಒರೆಯ ಅಂಕಿಗಳನ್ನು ಅರದಿಂದ ಉಜ್ಜಿ ಕತ್ತಿಯ ಸಂಖ್ಯೆಯನ್ನೇ ಒತ್ತಿಸಿಕೊಡಬಹುದು, ಬೆಲೆ ಇಮ್ಮಡಿಯಾದೀತು ಎಂದನು. ಅಳಿಯನು ಒಪ್ಪಲಿಲ್ಲ. “ಮಾವ, ಈ ಒರೆಯೂ ಒಬ್ಬನದೇ ಅಲ್ಲವೇ? ಅವನ ಗುರುತು ಇದೊಂದೇ ಉಳಿದಿರಬಹುದು” ಎಂದು ನಮಗೆ ಕನ್ನಡದಲ್ಲಿ ಹೇಳಿ, ಇದ್ದುದನ್ನು ಇದ್ದಂತೆಯೇ ಕೊಂಡನು. ರಾತ್ರಿ ಊಟವಾದ ಮೇಲೆ ತನ್ನ ಪುಸ್ತಕವನ್ನು ತೆಗೆದು, ಕತ್ತಿಯ ಸಂಖ್ಯೆಯನ್ನು ಒಂದು ಸಾಲಿನಲ್ಲಿಯೂ ಒರೆಯ ಸಂಖ್ಯೆಯನ್ನು ಅದರ ಕೆಳಗಿನ ಸಾಲಿನಲ್ಲಿಯೂ ಬರೆದುಕೊಂಡನು.